ಸ್ಟೋರಿವೀವರ್: ಮಗಳಿಗಿಂತ ಮೊದಲು ನನಗೆ ಬೇಕಾಗಿದ್ದ ಕಥೆಗಳು

ಒಂದು ವರ್ಷದಿಂದ ನಮ್ಮ ಮನೆಯಲ್ಲಿ ದಿನಾ ರಾತ್ರಿ ಸ್ಟೋರಿವೀವರ್ ಅನ್ನುವ ಮಕ್ಕಳ ಕಥೆಗಳ ಜಾಲತಾಣದಿಂದ ಕಥೆ ಓದುತ್ತಿದ್ದೇವೆ. ಮಗಳಿಗೆ ಈಗ ನಾಲ್ಕೂವರೆ ವರ್ಷ. ಕನ್ನಡ ಮೀಡಿಯಂನಲ್ಲಿ ಓದಿ, ಮಕ್ಕಳಿಗೆ ಕನ್ನಡದ ಜೊತೆ ಇಂಗ್ಲಿಷೂ ಮನೆಯಲ್ಲೇ ಬರಲಿ ಅಂತ ಒದ್ದಾಡುತ್ತಿರುವ ಅಪ್ಪ ಅಮ್ಮಂದಿರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಮ್ಮ ಕಥೆ ಹೇಳಬೇಕು. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪಿಯುಸಿ ಸೈನ್ಸ್ ಸೇರಿದಾಗ ಮೊದಲ ಮೂರು ತಿಂಗಳು ಪಾಠ ತಲೆಗೇ ಹೋಗಲಿಲ್ಲ, ಎದ್ದು ನಿಂತು ಕೇಳೋಕೂ ಧೈರ್ಯ ಇರಲಿಲ್ಲ. ಮಗಳಿಗೆ ಹಾಗಾಗಬಾರದು ಅಂತ ಅವಳು ಹುಟ್ಟಿದಾಗಲೇ ತೀರ್ಮಾನ ಮಾಡಿದ್ದೆ. ಅವಳಮ್ಮ, ಅಜ್ಜಿ ಕನ್ನಡ ಮಾತಾಡುವುದು, ನಾನು ಇಂಗ್ಲಿಷ್. "ನಿನಗೇ ಸರಿಯಾಗಿ ಬರದ ಭಾಷೆ ಮಗುವಿಗೆ ಯಾಕೋ?" ಅಂತ ಮನೆಯಲ್ಲಿ ಕೇಳಿದರು. ಮಾತು ತಡ ಆಗುತ್ತೆ ಅಂತ ಅಕ್ಕಪಕ್ಕದವರು ಹೆದರಿಸಿದರು. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತು ತಡ ಆಗುವುದಿಲ್ಲ, ಎರಡನ್ನೂ ಬೆರೆಸಿ ಮಾತಾಡಿದರೆ ಅದು ಗೊಂದಲವೂ ಅಲ್ಲ. ನಮ್ಮ ದಾವಣಗೆರೆಯಲ್ಲೇ ಮನೆಯಲ್ಲಿ ಉರ್ದು, ತೆಲುಗು, ಲಂಬಾಣಿ ಮಾತಾಡಿ ಬೀದಿಯಲ್ಲಿ ಕನ್ನಡದಲ್ಲಿ ಆಡುವ ಮಕ್ಕಳು ಎಷ್ಟಿಲ್ಲ? ತಾಯಿನುಡಿ ಅಲ್ಲದ ಭಾಷೆಯಲ್ಲಿ ಮಕ್ಕಳನ್ನು ಬೆಳೆಸಿದವರೂ ಇದ್ದಾರೆ. ಆಸ್ಟ್ರೇಲಿಯಾದ ಜಾರ್ಜ್ ಸಾಂಡರ್ಸ್ ಅನ್ನುವವರು 1970ರ ದಶಕದಿಂದಲೇ ತಮ್ಮ ಮಕ್ಕಳ ಜೊತೆ ಜರ್ಮನ್ ಮಾತಾಡುತ್ತಿದ್ದರು. ಅದು ಅವರು ಕಲಿತ ಭಾಷೆ, ಹುಟ್ಟಿನಿಂದ ಬಂದದ್ದಲ್ಲ.

ಆದರೆ ನನಗೆ ಕಷ್ಟ ಆಗಿದ್ದೇ ಬೇರೆ ಕಡೆ. ಒಂದು ಭಾನುವಾರ ಗಾಜಿನ ಮನೆ ನೋಡೋಕೆ ಹೋಗಿದ್ದೆವು. ಓಡುತ್ತಾ ಬಿದ್ದು ಮಂಡಿ ತರಚಿಕೊಂಡಳು. ಎತ್ತಿಕೊಂಡೆ. ಇಂಗ್ಲಿಷ್‌ನಲ್ಲಿ ಏನು ಹೇಳಬೇಕು ಅಂತ ತೋಚಲೇ ಇಲ್ಲ. "ಡೋಂಟ್ ಕ್ರೈ" ಅಂದೆ, ಗದರಿಸಿದ ಹಾಗೆ ಕೇಳಿಸಿತು, ಅವಳು ಇನ್ನೂ ಜೋರಾಗಿ ಅತ್ತಳು. ನಮ್ಮವ್ವ ನನ್ನ ಕೈಯಿಂದ ಕಸಿದುಕೊಂಡು, "ಏನಾತು ನನ್ನ ಬಂಗಾರಿಗೆ? ತಡಿ, ಈ ನೆಲಕ್ಕೆ ಹೊಡಿತೀನಿ" ಅಂತ ನೆಲಕ್ಕೆ ಎರಡು ಏಟು ಕೊಟ್ಟಳು. ಅಳು ನಿಂತಿತು.

ನನಗೆ ಬರುವುದು ಆಫೀಸಿನ ಇಂಗ್ಲಿಷ್. ಮೇಲ್ ಬರೆಯುತ್ತೇನೆ, ಮೀಟಿಂಗ್‌ನಲ್ಲಿ ಮಾತಾಡುತ್ತೇನೆ. ಆದರೆ ಬಿಕ್ಕಳಿಕೆ, ಕಚಗುಳಿ, ಸೌಟು, ಹುತ್ತ, ಗಾಯದ ಮೇಲಿನ ಹಕ್ಕಳೆ, ಇವಕ್ಕೆಲ್ಲ ಇಂಗ್ಲಿಷ್ ಪದ ಥಟ್ಟನೆ ಬಾಯಿಗೆ ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ನನ್ನನ್ನು ಯಾರೂ ಇಂಗ್ಲಿಷ್‌ನಲ್ಲಿ ಮುದ್ದು ಮಾಡಿಲ್ಲ, ಆಟ ಆಡಿಸಿಲ್ಲ. ಆ ಮಾತು ನನ್ನ ಹತ್ತಿರ ಎಲ್ಲಿಂದ ಬರಬೇಕು, ಅಲ್ವಾ? ಅವತ್ತಿನಿಂದ ದಿನಪೂರ್ತಿ ಇಂಗ್ಲಿಷ್ ಅನ್ನುವ ಹಟ ಬಿಟ್ಟೆ. ಅಳು, ಜ್ವರ, ಮುದ್ದು ಎಲ್ಲ ಕನ್ನಡದಲ್ಲಿ. ರಾತ್ರಿ ಊಟ ಆದ ಮೇಲೆ ಒಂದು ಗಂಟೆ ಮಾತ್ರ ಇಂಗ್ಲಿಷ್, ಅದೂ ಪುಸ್ತಕ ಹಿಡಿದುಕೊಂಡು.

ಪುಸ್ತಕ ಹುಡುಕುವಾಗ ಮೊದಲು ಆನ್‌ಲೈನ್‌ನಲ್ಲಿ ಎರಡು ಸಾವಿರ ಕೊಟ್ಟು ಮಾತಾಡುವ ಪೆನ್ನಿನ ಸೆಟ್ ತರಿಸಿದ್ದೆ. ಹೆಸರು ಬೇಡ. ಚಿತ್ರದ ಮೇಲೆ ಪೆನ್ ಇಟ್ಟರೆ ಎರಡೂ ಭಾಷೆಯಲ್ಲಿ ಹೇಳುತ್ತದೆ. ಆದರೆ ಅದರ ಕನ್ನಡದಲ್ಲಿ ಳ ಅನ್ನುವ ಅಕ್ಷರವೇ ಇಲ್ಲ. ಬಾಳೆಹಣ್ಣು ಬಾಲೆಹಣ್ಣು, ಮಳೆ ಮಲೆ. ಮಗಳು ಎರಡು ದಿನ ಹಾಗೇ ಹೇಳಿದಳು. ಮೂರನೇ ದಿನ ನಮ್ಮವ್ವ ಪೆನ್ ಎತ್ತಿ ಅಟ್ಟದ ಮೇಲಿಟ್ಟಳು. ಒಳ್ಳೆಯದೇ ಮಾಡಿದಳು.

ಆಮೇಲೆ ಸಿಕ್ಕಿದ್ದು ಸ್ಟೋರಿವೀವರ್. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಜಾಲತಾಣ. ಪ್ರಥಮ್ ಬುಕ್ಸ್ 2004ರಲ್ಲಿ ಆರಂಭವಾದ, ಲಾಭಕ್ಕಾಗಿ ನಡೆಸದ ಸಂಸ್ಥೆ. ಕಥೆಗಳೆಲ್ಲ ಉಚಿತ. ಓದಬಹುದು, ಇಳಿಸಿಕೊಳ್ಳಬಹುದು, ಪ್ರಿಂಟ್ ತೆಗೆಯಬಹುದು, ಅನುವಾದವನ್ನೂ ಮಾಡಬಹುದು, ಲೈಸೆನ್ಸೇ ಹಾಗಿದೆ. ನಾಲ್ಕು ಲೆವೆಲ್ ಇವೆ. ಮೊದಲ ಲೆವೆಲ್‌ನ ಕಥೆ 250 ಪದದೊಳಗೆ ಮುಗಿಯುತ್ತದೆ, ನಿದ್ದೆಗಣ್ಣಿನ ಮಗುವಿಗೆ ಅಷ್ಟೇ ಸಾಕು.

ನನಗೆ ತುಂಬಾ ಇಷ್ಟ ಆಗಿದ್ದು, ಒಂದೇ ಕಥೆ, ಅದೇ ಚಿತ್ರಗಳು, ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಸಿಗುವುದು. ಎರಡನ್ನೂ ನಮ್ಮ ಏರಿಯಾದ ಜೆರಾಕ್ಸ್ ಅಂಗಡಿಯಲ್ಲಿ ಕಲರ್ ಪ್ರಿಂಟ್ ತೆಗೆಸಿ, ಎದುರುಬದುರು ಪುಟ ಬರುವ ಹಾಗೆ ಜೋಡಿಸಿ ಸ್ಪೈರಲ್ ಹಾಕಿಸುತ್ತೇನೆ. ಹಾಳೆಗೆ 10 ರೂಪಾಯಿ. ಮೊಬೈಲ್‌ನಲ್ಲೇ ತೋರಿಸಬಹುದು ನಿಜ, ಆದರೆ ಮೊಬೈಲ್ ಕೈಗೆ ಬಂದರೆ ಮಕ್ಕಳಿಗೆ ಕಥೆ ಬೇಡವಾಗುತ್ತದೆ. ಮಗಳು ಮಲಗಿದ ಮೇಲೆ ಮರುದಿನದ ಕಥೆಯ ಎರಡೂ ಪುಟ ನಾನೊಮ್ಮೆ ಓದಿಕೊಳ್ಳುತ್ತೇನೆ. ನನಗೆ ಗೊತ್ತಿಲ್ಲದ ಮನೆಮಾತಿನ ಇಂಗ್ಲಿಷ್ ಅಲ್ಲಿ ಸಿಗುತ್ತದೆ, ಅದರ ಕನ್ನಡ ಪಕ್ಕದಲ್ಲೇ ಇರುತ್ತದೆ. ಡಿಕ್ಷನರಿ ನೋಡಿ ಕಲಿತ ಪದ ಮಗುವಿನ ಎದುರು ನಾಲಿಗೆಗೆ ಬರುವುದಿಲ್ಲ, ಕಥೆಯಲ್ಲಿ ಓದಿದ್ದು ಬರುತ್ತದೆ. ಉಚ್ಚಾರದ ಅನುಮಾನ ಇದ್ದರೆ ಕೆಲವು ಕಥೆಗಳಿಗೆ ಧ್ವನಿಯೂ ಇದೆ, ಓದುತ್ತಾ ಹೋದ ಹಾಗೆ ಪದದ ಬಣ್ಣ ಬದಲಾಗುತ್ತದೆ. ಯಾರು ಬೇಕಾದರೂ ಕಥೆ, ಅನುವಾದ ಹಾಕಬಹುದಾದ ಜಾಗ ಇದು, ಹಾಗಾಗಿ ಮಗುವಿಗೆ ಓದುವ ಮುಂಚೆ ನೀವೊಮ್ಮೆ ಓದಿ ಆರಿಸಿಕೊಳ್ಳಿ.

ಈಗ ಅಜ್ಜಿ ಎಡಗಡೆ ಪುಟ, ನಾನು ಬಲಗಡೆ ಪುಟ. ಅವ್ವ ಏಳನೇ ಕ್ಲಾಸ್ ಓದಿದವಳು, ಬೆರಳಿಟ್ಟು ನಿಧಾನ ಓದುತ್ತಾಳೆ, ಪುಸ್ತಕದ ಕನ್ನಡವನ್ನು ಅಲ್ಲಲ್ಲಿ ನಮ್ಮ ಕಡೆ ಮಾತಿಗೆ ತಿರುಗಿಸಿಕೊಳ್ಳುತ್ತಾಳೆ. ಒಂದು ಪುಟದಲ್ಲಿ ಕಪ್ಪೆ ನೀರಿಗೆ ಹಾರುತ್ತದೆ. ಅಜ್ಜಿ "ಬುಳುಂಕ್" ಅಂತ ತಾನೇ ಸೇರಿಸಿದಳು. ನಾನು "ಸ್ಪ್ಲ್ಯಾಶ್" ಅಂದೆ. ಮಗಳು ನನ್ನ ಮುಖ ನೋಡಿ, ಪುಟ ನೋಡಿ, "ಅಪ್ಪಾ, ಒಂದೇ ಕಪ್ಪೆ ಅಲ್ವಾ?" ಅಂದಳು. ಮಾರನೇ ದಿನ ಸ್ನಾನ ಮಾಡುವಾಗ ಬಕೆಟ್‌ಗೆ ಮಗ್ ಎಸೆದು ಅಜ್ಜಿಗೆ "ಬುಳುಂಕ್" ಅಂದು, ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿ "ಸ್ಪ್ಲ್ಯಾಶ್" ಅಂದಳು. ಯಾರಿಗೆ ಯಾವ ಮಾತು ಅಂತ ನಾವು ಹೇಳಿಕೊಟ್ಟಿರಲಿಲ್ಲ.

ಅಲ್ಲಿರುವ ಚಿತ್ರಗಳನ್ನು ಬಳಸಿ ನಮ್ಮದೇ ಕಥೆಯನ್ನೂ ಮಾಡಬಹುದು. ಹೋದ ತಿಂಗಳು ಮಗಳು, ಅಜ್ಜಿ ಸೇರಿ ಮಂಡಕ್ಕಿ ಭಟ್ಟಿಯ ಕಥೆ ಹೇಳಿದರು. ಕಾದ ಮರಳಿನಲ್ಲಿ ಅಕ್ಕಿ ಉಬ್ಬುವುದು, ಮಿರ್ಚಿ ಜೊತೆ ಒಗ್ಗರಣೆ ಮಂಡಕ್ಕಿ ತಿನ್ನುವುದು, ಎಂಟು ಪುಟ. ಇಂಗ್ಲಿಷ್ ಮಾಡುವ ಕೆಲಸ ನನ್ನದು. "ಪಫ್ಡ್ ರೈಸ್" ಅಂತ ಬರೆದು ಓದಿದೆ. ಮಗಳು ಒಪ್ಪಲಿಲ್ಲ. "ಅದು ಮಂಡಕ್ಕಿ ಅಪ್ಪಾ, ಇಂಗ್ಲಿಷ್‌ನಲ್ಲೂ ಮಂಡಕ್ಕಿ" ಅಂದಳು. ಅಳಿಸಿ ಹಾಗೇ ಬರೆದೆ.