ಗುಟ್ಟು ಗೊತ್ತಾದ ಮೇಲೂ ನೋಡಿಸಿಕೊಳ್ಳುವ ಥ್ರಿಲ್ಲರ್‌ಗಳು

ಈ ಮಳೆಗಾಲದಲ್ಲಿ ನಾನು ಮತ್ತು ನನ್ನ ತಾಯಿ ರಾತ್ರಿಯ ಊಟ ಮುಗಿಸಿ ವಾರಕ್ಕೆ ಒಂದೆರಡು ಕನ್ನಡ ಥ್ರಿಲ್ಲರ್‌ಗಳನ್ನು ನೋಡುವ ರೂಢಿ ಮಾಡಿಕೊಂಡಿದ್ದೆವು. ಅವುಗಳಲ್ಲಿ ಹೆಚ್ಚಿನವು ನಾನು ಮೊದಲೇ ನೋಡಿದ್ದವು, ತಾಯಿಗೆ ಹೊಸವು. ಕೊಲೆ ಮಾಡಿದವರು ಯಾರೆಂದು ಬಲ್ಲ ನಾನು ಮತ್ತು ಏನೂ ಅರಿಯದ ಅವರು ಒಂದೇ ಕೋಣೆಯಲ್ಲಿ ಕುಳಿತು ಒಂದೇ ಚಿತ್ರವನ್ನು ನೋಡಿದ್ದರಿಂದ, ಯಾವ ಚಿತ್ರ ಕೇವಲ ಒಂದು ಗುಟ್ಟನ್ನು ನಂಬಿಕೊಂಡಿದೆ, ಯಾವುದು ಅದನ್ನು ಬಿಟ್ಟುಕೊಟ್ಟ ಮೇಲೂ ಗಟ್ಟಿಯಾಗಿ ಉಳಿಯುತ್ತದೆ ಎಂಬುದು ತಾನಾಗಿಯೇ ತಿಳಿದುಬಂತು. ಕೆಲವು ಚಿತ್ರಗಳಲ್ಲಿ ಅರ್ಧಕ್ಕೇ ನನಗೆ ಆಕಳಿಕೆ ಬಂತು. ಇನ್ನು ಕೆಲವು ಚಿತ್ರಗಳಲ್ಲಿ ನಾನು ಮೊದಲ ಸಲ ಕಾಣದೇ ಇದ್ದುದನ್ನು ಕಂಡು, ತಾಯಿಗಿಂತ ನಾನೇ ಹೆಚ್ಚು ಉಸಿರು ಬಿಗಿಹಿಡಿದು ಕುಳಿತಿದ್ದೆ. ಈ ಎರಡನೆಯ ಬಗೆಯ ನಾಲ್ಕು ಚಿತ್ರಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಯಾವ ಚಿತ್ರದ ಕೊನೆಯನ್ನೂ ಬಿಡಿಸಿಡುವುದಿಲ್ಲ.

ಮೊದಲಿಗೆ ನಿಲ್ಲಬೇಕಾದದ್ದು, ನನ್ನ ಮಟ್ಟಿಗೆ, ಸಂದೀಪ್ ಸುಂಕದ ನಿರ್ದೇಶನದ 'ಶಾಖಾಹಾರಿ'. 2024ರ ಫೆಬ್ರುವರಿಯಲ್ಲಿ ತೆರೆಗೆ ಬಂದ ಈ ಚಿತ್ರದ ಕಥೆಯನ್ನು ಎರಡು ಸಾಲಿನಲ್ಲಿ ಹೇಳಬಹುದು. ಮಲೆನಾಡಿನ ಊರೊಂದರಲ್ಲಿ ಸುಬ್ಬಣ್ಣ ಎಂಬ ನಡುವಯಸ್ಸು ದಾಟಿದ ಒಂಟಿ ಮನುಷ್ಯ ಸಣ್ಣದೊಂದು ಸಸ್ಯಾಹಾರಿ ಹೋಟೆಲ್ ನಡೆಸುತ್ತಿದ್ದಾನೆ, ಕೊಲೆಯ ಆರೋಪ ಹೊತ್ತು ಪೊಲೀಸರಿಂದ ತಪ್ಪಿಸಿಕೊಂಡ ಯುವಕನೊಬ್ಬ ಗಾಯಗೊಂಡು ಅಲ್ಲಿಗೆ ಬಂದು ಸೇರುತ್ತಾನೆ. ಅವನನ್ನು ಹುಡುಕುತ್ತಿರುವ ಪಿಎಸ್‌ಐ ಮಲ್ಲಿಕಾರ್ಜುನನ ಪಾತ್ರದಲ್ಲಿ ಗೋಪಾಲಕೃಷ್ಣ ದೇಶಪಾಂಡೆ ಇದ್ದಾರೆ, ಸುಬ್ಬಣ್ಣನಾಗಿ ರಂಗಾಯಣ ರಘು.

ಭಟ್ಟರಿಲ್ಲದ, ಮಾಲೀಕನೇ ಸೌಟು ಹಿಡಿಯುವ ಹೋಟೆಲುಗಳನ್ನು ಬಲ್ಲವರಿಗೆ ಈ ಚಿತ್ರದ ಬಿಗಿ ಎಲ್ಲಿಂದ ಹುಟ್ಟುತ್ತದೆ ಎಂಬುದು ಬೇಗ ಅರ್ಥವಾಗುತ್ತದೆ. ಅಂಥ ಹೋಟೆಲಿಗೆ ಮುಚ್ಚಿದ ಬಾಗಿಲು ಎಂಬುದೇ ಇರುವುದಿಲ್ಲ. ಬೆಳಗ್ಗೆ ಒಲೆ ಹೊತ್ತಬೇಕು, ತಿಂಡಿಗೆ ಜನ ಬರಬೇಕು, ಬಂದವರು ಅಡುಗೆಮನೆಯೊಳಕ್ಕೇ ಇಣುಕಿ ಏನಿದೆ ಎಂದು ಕೇಳಬೇಕು. ಒಂದು ದಿನ ಬಾಗಿಲು ಹಾಕಿದರೆ ಊರೇ ಯಾಕೆಂದು ವಿಚಾರಿಸುತ್ತದೆ. ಇಂಥ ಜಾಗದಲ್ಲಿ ಒಬ್ಬ ಮನುಷ್ಯನನ್ನು ಬಚ್ಚಿಡುವುದೆಂದರೆ ಸಂತೆಯ ನಡುವೆ ಹಣದ ಗಂಟನ್ನು ತೆರೆದಿಟ್ಟು ಕುಳಿತಂತೆ. ಬೆನ್ನಟ್ಟುವ ಕಾರುಗಳಾಗಲಿ ಗುಂಡಿನ ಸದ್ದಾಗಲಿ ಇಲ್ಲಿ ಬೇಕಾಗುವುದಿಲ್ಲ. ಗಿರಾಕಿಯೊಬ್ಬ ಬೆಂಚಿನಿಂದ ಎದ್ದನೆಂದರೆ ಸಾಕು, ಅವನು ಕೈ ತೊಳೆಯಲು ಎದ್ದನೋ ಒಳಗೆ ಬರಲು ಎದ್ದನೋ ಎಂದು ನೋಡುವವರ ಎದೆ ಹೊಡೆದುಕೊಳ್ಳುತ್ತದೆ.

ಇದನ್ನು ನೋಡುವಾಗ ನನ್ನ ತಾಯಿ ಮುಖಕ್ಕಿಂತ ಹೆಚ್ಚಾಗಿ ಸುಬ್ಬಣ್ಣನ ಕೈಗಳನ್ನೇ ನೋಡುತ್ತಿದ್ದರು. ನಲವತ್ತು ವರ್ಷ ದಿನಕ್ಕೆರಡು ಹೊತ್ತು ಒಲೆಯ ಮುಂದೆ ನಿಂತವರಿಗೆ ಇನ್ನೊಬ್ಬರ ಅಡುಗೆಯ ಕೈ ಸುಳ್ಳು ಹೇಳಲಾರದು. ಸ್ವಲ್ಪ ಹೊತ್ತಾದ ಮೇಲೆ ಅವರು, "ಮನಸ್ಸಿಗೇನೋ ಚುಚ್ತಿದೆ ಇವನಿಗೆ, ಕೈ ಮಾತ್ರ ನಿಲ್ಲಿಸ್ತಿಲ್ಲ ನೋಡು," ಎಂದರು. ನಾನು ಒಂದು ಪುಟ ಬರೆದರೂ ರಘು ಅವರ ಅಭಿನಯವನ್ನು ಇಷ್ಟು ಸರಿಯಾಗಿ ಹೇಳಲಾರೆ. ಭಯಪಟ್ಟ ಮನುಷ್ಯ ತನಗೆ ಗೊತ್ತಿರುವ ಕೆಲಸವನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ ಎಂಬುದನ್ನು ಅವರು ಮಾತಿಲ್ಲದೆ ತೋರಿಸುತ್ತಾರೆ. ಬಿ.ವಿ. ಕಾರಂತರು ಕಟ್ಟಿದ ಮೈಸೂರಿನ ರಂಗಾಯಣದಿಂದ ಬಂದ ಈ ನಟನನ್ನು ನಮ್ಮ ಚಿತ್ರರಂಗ ಎಷ್ಟೋ ವರ್ಷ ಗಟ್ಟಿ ದನಿಯ ಹಾಸ್ಯಕ್ಕೂ ಅಬ್ಬರದ ಖಳನ ಪಾತ್ರಗಳಿಗೂ ಕರೆಯಿತು. 2007ರ 'ದುನಿಯಾ' ಚಿತ್ರದಂಥ ಕೆಲವು ಕಡೆ ಮಾತ್ರ ಅವರ ಆಳ ಕಂಡಿತ್ತು. ಅಷ್ಟು ದೊಡ್ಡ ಕಂಠವುಳ್ಳವರು ಬಾಯಿ ಮುಚ್ಚಿಕೊಂಡು ನಟಿಸುವುದನ್ನು ನೋಡುವುದೇ ಒಂದು ಬಗೆಯ ರೋಮಾಂಚನ.

ಚಿತ್ರದಲ್ಲಿ ದೋಷಗಳಿಲ್ಲವೆಂದಲ್ಲ. ಹಿಂದಿನ ಕಥೆಯನ್ನು ಬಿಚ್ಚುವ ಭಾಗಗಳಲ್ಲಿ ನಡೆ ಸಡಿಲವಾಗುತ್ತದೆ, ಯುವಕನ ಬದುಕಿನ ಭಾಗ ಹೋಟೆಲಿನ ಭಾಗದಷ್ಟು ಮೈ ತುಂಬಿಕೊಂಡಿಲ್ಲ. ಆದರೂ ಎರಡನೆಯ ಸಲ ನೋಡಿದಾಗ ನನಗೆ ಮರುಕ ಹೆಚ್ಚಾಯಿತೇ ಹೊರತು ಕುತೂಹಲ ಕಡಿಮೆಯಾಗಲಿಲ್ಲ. ಮುಂದೆ ಏನಾಗುತ್ತದೆ ಎಂದು ತಿಳಿದಿದ್ದರಿಂದಲೇ ಮೊದಲರ್ಧದ ನಗು, ಹರಟೆ, ಗಿರಾಕಿಗಳ ಸಲಿಗೆ ಎಲ್ಲವೂ ಬೇರೆಯೇ ಬಣ್ಣದಲ್ಲಿ ಕಂಡವು.

ಒಂದು ನೋವಿನ ಸಂಗತಿಯನ್ನೂ ಇಲ್ಲಿ ಹೇಳಬೇಕು. ಈ ಚಿತ್ರವನ್ನು ನಾನು ಮೊದಲು ನೋಡಿದ್ದು ಚಿತ್ರಮಂದಿರವೊಂದರಲ್ಲಿ. ಅಲ್ಲಿ ಪ್ರೊಜೆಕ್ಟರಿನ ಬೆಳಕು ಎಷ್ಟು ಮಂಕಾಗಿತ್ತೆಂದರೆ, ರಾತ್ರಿಯ ದೃಶ್ಯಗಳಲ್ಲಿ ಯಾರು ಎಲ್ಲಿ ನಿಂತಿದ್ದಾರೆಂದು ಊಹಿಸಿಕೊಳ್ಳಬೇಕಾಗಿತ್ತು. ಮಧ್ಯಂತರದಲ್ಲಿ ಹೋಗಿ ಕೇಳಿದ್ದಕ್ಕೆ, ಚಿತ್ರವೇ ಹಾಗಿದೆ ಎಂಬ ಉತ್ತರ ಬಂತು. ಮನೆಯ ಟಿವಿಯಲ್ಲಿ ನೋಡಿದಾಗ ಅದೇ ಕತ್ತಲಲ್ಲಿ ಗೋಡೆಯ ಮಸಿ, ಪಾತ್ರೆಯ ಅಂಚಿನ ಮಿಂಚು, ಬೆವರಿದ ಹಣೆ ಎಲ್ಲವೂ ಸ್ಪಷ್ಟವಾಗಿ ಕಂಡವು. ಥ್ರಿಲ್ಲರ್‌ನಲ್ಲಿ ಕತ್ತಲೆಂಬುದು ಕಥೆಯ ಭಾಗ. ಕತ್ತಲಲ್ಲಿ ಏನನ್ನು ಕಾಣಿಸಬೇಕು, ಏನನ್ನು ಕಾಣಿಸಬಾರದು ಎಂದು ಛಾಯಾಗ್ರಾಹಕರು ವಾರಗಟ್ಟಲೆ ದುಡಿದಿರುತ್ತಾರೆ. ಟಿಕೆಟಿನ ಹಣ ಪಡೆದವರು ಆ ದುಡಿಮೆಯನ್ನು ಪರದೆಯವರೆಗೆ ತಲುಪಿಸಲಿ ಎಂದು ಕೇಳುವುದು ಅತಿಯಾಸೆಯಲ್ಲ.

ರಂಗಾಯಣ ರಘು ಅವರನ್ನೇ ಹಿಂಬಾಲಿಸಿಕೊಂಡು ನಾವು 'ಅಜ್ಞಾತವಾಸಿ'ಗೆ ಹೋದೆವು. 2025ರಲ್ಲಿ ಬಂದ ಈ ಚಿತ್ರದ ನಿರ್ದೇಶಕರು ಜನಾರ್ದನ್ ಚಿಕ್ಕಣ್ಣ. ಹಿಂದೆ 2018ರಲ್ಲಿ ದತ್ತಾಂಶ ಕಳವಿನ ಸುತ್ತ 'ಗುಲ್ಟು' ಎಂಬ ಚುರುಕಾದ ಚಿತ್ರವನ್ನು ಮಾಡಿದ್ದವರು. ಇಲ್ಲೂ ಮಲೆನಾಡೇ, ಆದರೆ ಕಾಲ 1997. ಇಪ್ಪತ್ತೈದು ವರ್ಷಗಳಿಂದ ಒಂದು ಅಪರಾಧವೂ ದಾಖಲಾಗದ ಪೊಲೀಸ್ ಠಾಣೆಯ ವ್ಯಾಪ್ತಿಯಲ್ಲಿ ಒಂದು ಸಾವು ಸಂಭವಿಸುತ್ತದೆ. ಅದೇ ಹೊತ್ತಿಗೆ ಊರಿಗೆ ಮೊದಲ ಕಂಪ್ಯೂಟರ್ ಬಂದಿರುತ್ತದೆ. 'ಶಾಖಾಹಾರಿ'ಯಲ್ಲಿ ಗುಟ್ಟು ಹೊತ್ತು ನಿಂತಿದ್ದ ನಟ ಇಲ್ಲಿ ಗುಟ್ಟು ಹುಡುಕುವ ಇನ್ಸ್‌ಪೆಕ್ಟರ್ ಆಗಿದ್ದಾರೆ. ಈ ಎರಡು ಚಿತ್ರಗಳನ್ನು ಒಂದರ ಹಿಂದೆ ಒಂದು ನೋಡಿದರೆ, ಒಬ್ಬನೇ ಮನುಷ್ಯನ ಮೌನ ಎರಡು ಕಡೆಯಿಂದ ಎಷ್ಟು ಬೇರೆಯಾಗಿ ಕೇಳಿಸಬಹುದೆಂದು ತಿಳಿಯುತ್ತದೆ.

ಈ ಚಿತ್ರದ ಬಗ್ಗೆ ಸ್ನೇಹಿತರಲ್ಲಿ ಅಭಿಪ್ರಾಯ ಒಂದೇ ತೆರನಾಗಿಲ್ಲ. ತೀರಾ ನಿಧಾನ ಎಂದವರಿದ್ದಾರೆ. ನನಗೆ ಆ ನಿಧಾನವೇ ಪ್ರಾಮಾಣಿಕವೆನಿಸಿತು, ಏಕೆಂದರೆ ಮನೆಯಿಂದ ಮನೆಗೆ ಅರ್ಧ ಮೈಲಿ ತೋಟ ಹಾದುಹೋಗಬೇಕಾದ ಸೀಮೆಯಲ್ಲಿ ತನಿಖೆಯೂ ಆ ದೂರವನ್ನು ನಡೆದೇ ಸಾಗಬೇಕು. ಒಬ್ಬರನ್ನು ಪ್ರಶ್ನೆ ಕೇಳಬೇಕಾದರೆ ಮೊದಲು ಅಂಗಳ ದಾಟಬೇಕು, ಜಗಲಿಯಲ್ಲಿ ಕೂರಬೇಕು, ಕಾಫಿ ಬೇಡವೆನ್ನದೆ ಕುಡಿಯಬೇಕು, ಆಮೇಲಷ್ಟೇ ಮಾತು. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಪೊಲೀಸನಿಗೆ ಇರುವ ಕಷ್ಟವೇ ಬೇರೆ: ಅವನು ಸಂಶಯಪಡಬೇಕಾದ ಪ್ರತಿಯೊಬ್ಬರ ಮನೆಯಲ್ಲೂ ಅವನು ಉಂಡಿರುತ್ತಾನೆ. ಈ ಸಂಕಟವನ್ನು ಚಿತ್ರ ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಚರಣ್ ರಾಜ್ ಅವರ ಹಿನ್ನೆಲೆ ಸಂಗೀತವೂ ಇದಕ್ಕೆ ತಕ್ಕಂತೆ ಮುನ್ನುಗ್ಗಿ ಹೆದರಿಸದೆ ಹಿಂದೆಯೇ ನಿಲ್ಲುತ್ತದೆ. ಅವಸರದಲ್ಲಿರುವವರು, ಕೈಯಲ್ಲಿ ಮೊಬೈಲ್ ಹಿಡಿದೇ ಚಿತ್ರ ನೋಡುವವರು ಇದನ್ನು ಆರಿಸಿಕೊಳ್ಳದಿರುವುದು ಒಳ್ಳೆಯದು. ಅವರಿಗೂ ಬೇಸರ, ಚಿತ್ರಕ್ಕೂ ಅನ್ಯಾಯ.

'ಅಜ್ಞಾತವಾಸಿ'ಯ ನಿರ್ಮಾಪಕರಾದ ಹೇಮಂತ್ ಎಂ. ರಾವ್ ಅವರೇ ನಿರ್ದೇಶಿಸಿದ 'ಕವಲುದಾರಿ' ನಮ್ಮ ಮೂರನೆಯ ಆಯ್ಕೆಯಾಗಿತ್ತು. 2019ರಲ್ಲಿ ತೆರೆಕಂಡ ಇದು ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಪ್ರೊಡಕ್ಷನ್ಸ್ ಸಂಸ್ಥೆಯ ಮೊದಲ ಚಿತ್ರ. ಬೆಂಗಳೂರಿನಲ್ಲಿ ನೆಲ ಅಗೆಯುವಾಗ ಅಸ್ಥಿಪಂಜರಗಳು ಸಿಗುತ್ತವೆ. ಅಪರಾಧ ವಿಭಾಗಕ್ಕೆ ಸೇರುವ ಹಂಬಲವಿದ್ದೂ ಸಂಚಾರ ಪೊಲೀಸಿನಲ್ಲಿ ಸಿಕ್ಕಿಕೊಂಡಿರುವ ಶ್ಯಾಮ್ ಎಂಬ ಯುವ ಅಧಿಕಾರಿ ತನ್ನ ಕೆಲಸವಲ್ಲದ ಈ ಕೆಲಸಕ್ಕೆ ಕೈ ಹಾಕುತ್ತಾನೆ. ಜಾಡು ಹಿಡಿದು ಹೋದರೆ ಅದು ನಾಲ್ಕು ದಶಕದ ಹಿಂದಿನ, ತುರ್ತು ಪರಿಸ್ಥಿತಿಯ ದಿನಗಳ ಪ್ರಕರಣ. ಅಂದು ಅದನ್ನು ತನಿಖೆ ಮಾಡಿ ಕೈಚೆಲ್ಲಿದ ಮುತ್ತಣ್ಣ ಈಗ ನಿವೃತ್ತರಾಗಿ, ಕುಡಿತಕ್ಕೆ ಬಿದ್ದು, ಒಂಟಿಯಾಗಿ ಬದುಕುತ್ತಿದ್ದಾರೆ. ಶ್ಯಾಮ್ ಆಗಿ ರಿಷಿ, ಮುತ್ತಣ್ಣನಾಗಿ ಅನಂತ್ ನಾಗ್.

ಈ ಚಿತ್ರದ ಜೀವ ಇರುವುದು ಈ ಇಬ್ಬರ ನಡುವಿನ ಭೇಟಿಗಳಲ್ಲಿ. ಹಳೆಯ ಕಡತವನ್ನು ಹೊತ್ತು ಬಂದ ಹುಡುಗನನ್ನು ಮುತ್ತಣ್ಣ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಮೊದಲ ಸಲ ನೋಡಿದಾಗ ಅದು ವಯಸ್ಸಾದವರ ಸಿಡುಕೆಂದು ನಾನು ತಿಳಿದಿದ್ದೆ. ಎರಡನೆಯ ಸಲ, ಅವರು ಒಳಗೊಳಗೇ ಏನನ್ನು ಹೊತ್ತುಕೊಂಡಿದ್ದಾರೆಂದು ತಿಳಿದ ಮೇಲೆ, ಆ ಸಿಡುಕಿನ ಕೆಳಗೆ ನಾಚಿಕೆ ಕಂಡಿತು. ಅನಂತ್ ನಾಗ್ ಕಣ್ಣು ತಪ್ಪಿಸುವ ರೀತಿಯನ್ನು ಗಮನಿಸಿ: ಹುಡುಗನ ಮುಖ ನೋಡದೆ ಅವರು ಬೇರೆಲ್ಲವನ್ನೂ ನೋಡುತ್ತಾರೆ. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದಲ್ಲಿ ಇದೇ ನಿರ್ದೇಶಕರು ಇದೇ ನಟನನ್ನು ನೆನಪು ಕಳೆದುಕೊಳ್ಳುವ ಮನುಷ್ಯನನ್ನಾಗಿ ತೋರಿಸಿದ್ದರು. ಇಲ್ಲಿ ಮರೆಯಬೇಕೆಂದರೂ ಮರೆಯಲಾಗದ ಮನುಷ್ಯನನ್ನಾಗಿ ತೋರಿಸಿದ್ದಾರೆ. ಅಚ್ಯುತ್ ಕುಮಾರ್ ಅವರ ಪತ್ರಕರ್ತನ ಪಾತ್ರವೂ ಎರಡನೆಯ ನೋಟದಲ್ಲೇ ತನ್ನ ಪೂರ್ಣ ತೂಕವನ್ನು ತೋರುತ್ತದೆ.

ನನ್ನ ತಕರಾರು ಕೊನೆಯ ಭಾಗದ ಬಗ್ಗೆ. ಅಲ್ಲಿಯವರೆಗೆ ಪ್ರೇಕ್ಷಕರ ಬುದ್ಧಿಯನ್ನು ನಂಬಿದ್ದ ಚಿತ್ರ ಇದ್ದಕ್ಕಿದ್ದಂತೆ ಎಲ್ಲವನ್ನೂ ಬಿಡಿಸಿ ಹೇಳಲು ಹೊರಡುತ್ತದೆ, ಎಳೆಗಳೆಲ್ಲ ಒಂದೇ ಉಸಿರಿಗೆ ಕೂಡಿಕೊಳ್ಳುತ್ತವೆ. ತಾಯಿಯಂತೂ ನಡುವೆ ಎರಡು ಸಲ ಚಿತ್ರ ನಿಲ್ಲಿಸಿಸಿ ಯಾರು ಯಾರ ಕಡೆಯವರೆಂದು ನನ್ನಿಂದ ಕೇಳಿ ತಿಳಿದುಕೊಂಡರು. ಇದನ್ನು ನೋಡುವವರು ಎರಡೂವರೆ ಗಂಟೆಯನ್ನು ಬಿಡುವಾಗಿ ಇಟ್ಟುಕೊಂಡು, ಹೆಸರುಗಳಿಗೆ ಸ್ವಲ್ಪ ಕಿವಿಗೊಟ್ಟು ಕುಳಿತರೆ ಚೆನ್ನು.

ಪವನ್ ಕುಮಾರ್ ಅವರ 2016ರ 'ಯು ಟರ್ನ್' ಹೆಚ್ಚಿನವರು ನೋಡಿರುವ ಚಿತ್ರ. ಅದು ಮಲಯಾಳ, ತಮಿಳು, ತೆಲುಗುಗಳಿಗೂ ಹೋಯಿತು. ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆಯಲ್ಲಿ ಬೈಕಿನವರು ರಸ್ತೆ ವಿಭಜಕದ ಕಲ್ಲನ್ನು ಸರಿಸಿ ಅಡ್ಡದಾರಿಯಲ್ಲಿ ತಿರುಗುತ್ತಾರೆ, ಸರಿಸಿದ ಕಲ್ಲು ಅಲ್ಲೇ ಉಳಿಯುತ್ತದೆ. ಇದರ ಬಗ್ಗೆ ವರದಿ ಬರೆಯಲು ಹೊರಟ ರಚನಾ ಎಂಬ ತರಬೇತಿಯ ಪತ್ರಕರ್ತೆಯ ಬಳಿ ಹಾಗೆ ತಿರುಗಿದವರ ವಾಹನಗಳ ನೋಂದಣಿ ಸಂಖ್ಯೆಗಳ ಪಟ್ಟಿ ಇದೆ, ಮತ್ತು ಆ ಪಟ್ಟಿಯಲ್ಲಿರುವವರು ಸಾಯುತ್ತಿದ್ದಾರೆ. ಶ್ರದ್ಧಾ ಶ್ರೀನಾಥ್ ಪೊಲೀಸ್ ಠಾಣೆಯಲ್ಲಿ ಕುಳಿತು, ತಾನು ಏನೂ ಮಾಡಿಲ್ಲವೆಂಬ ಖಚಿತತೆ ಇದ್ದೂ ತನ್ನ ಮಾತು ತನಗೇ ಸುಳ್ಳೆನ್ನಿಸುವಂತೆ ತಡವರಿಸುವ ದೃಶ್ಯ ಇಂದಿಗೂ ಬೆವರು ಹರಿಸುತ್ತದೆ. ಉತ್ತರಾರ್ಧದಲ್ಲಿ ಚಿತ್ರ ಪೊಲೀಸರ ತರ್ಕ ಮುಟ್ಟದ ಕಡೆಗೆ ಹೊರಳುವುದು ನನಗೆ ಈ ಸಲವೂ ಪೂರ್ತಿ ಒಪ್ಪಿಗೆಯಾಗಲಿಲ್ಲ. ಕಲ್ಲು ಸರಿಸಿದ ಕೈಯ ಹೊಣೆ ಎಂಥದೆಂಬ ಪ್ರಶ್ನೆಗೆ ಅಲೌಕಿಕದ ಆಸರೆ ಬೇಕಿರಲಿಲ್ಲ. ಆದರೆ ಆ ಕಲ್ಲಿನ ಚಿತ್ರ ಮನಸ್ಸಿನಿಂದ ಹೋಗುವುದಿಲ್ಲ. ಚಿತ್ರ ನೋಡಿದ ಮರುದಿನ ಬೆಳಗ್ಗೆ ಕಚೇರಿಗೆ ಹೋಗುವಾಗ, ಒಂದು ವಾಹನ ತೂರುವಷ್ಟು ಜಾಗ ಬಿಟ್ಟು ಪಕ್ಕಕ್ಕೆ ತಳ್ಳಿದ್ದ ಬ್ಯಾರಿಕೇಡ್ ಕಂಡು ನಾನು ಸುಮ್ಮನೆ ಮುಂದಿನ ವೃತ್ತದವರೆಗೆ ಹೋಗಿ ತಿರುಗಿಸಿಕೊಂಡು ಬಂದೆ.

ಯಾವುದರಿಂದ ತೊಡಗಬೇಕೆಂದು ಕೇಳುವವರಿಗೆ ನನ್ನ ಸಲಹೆ ಹೀಗಿದೆ. ಮನೆಯಲ್ಲಿ ಹಿರಿಯರೂ ಕಿರಿಯರೂ ಕೂಡಿ ನೋಡುವುದಾದರೆ 'ಯು ಟರ್ನ್'ನಿಂದ ತೊಡಗಿ. ಅದರ ವೇಗ ಎಲ್ಲರನ್ನೂ ಒಟ್ಟಿಗೆ ಕರೆದೊಯ್ಯುತ್ತದೆ. ರಜೆಯ ಮಧ್ಯಾಹ್ನಕ್ಕೆ 'ಕವಲುದಾರಿ' ಸರಿ. ಮಳೆಯ ರಾತ್ರಿ, ದೀಪ ಆರಿಸಿ, ಇಬ್ಬರೇ ಇದ್ದಾಗ 'ಶಾಖಾಹಾರಿ' ನೋಡಿ, ಅದು ಹಿಡಿಸಿದರೆ ಮಾತ್ರ ಮರುವಾರ 'ಅಜ್ಞಾತವಾಸಿ'. ಟಿವಿಯಲ್ಲಿ ಚಿತ್ರವನ್ನು ಅತಿ ನುಣುಪಾಗಿ, ಧಾರಾವಾಹಿಯಂತೆ ಕಾಣಿಸುವ ಸೌಲಭ್ಯ ಚಾಲೂ ಇದ್ದರೆ ಅದನ್ನು ನಿಲ್ಲಿಸಿ; ಸಾಧ್ಯವಿದ್ದರೆ ಧ್ವನಿಗೆ ಪ್ರತ್ಯೇಕ ಸ್ಪೀಕರ್ ಅಥವಾ ಹೆಡ್‌ಫೋನ್ ಬಳಸಿ. ಪಿಸುಮಾತು ಮತ್ತು ಹೆಜ್ಜೆಯ ಸದ್ದು ಕೇಳದಿದ್ದರೆ ಈ ಚಿತ್ರಗಳಲ್ಲಿ ಅರ್ಧ ನಷ್ಟ.

ಹಳೆಯದನ್ನು ಬಯಸುವವರು ಸುನೀಲ್ ಕುಮಾರ್ ದೇಸಾಯಿ ಅವರ 'ತರ್ಕ'ವನ್ನು ಹುಡುಕಿ ನೋಡಬೇಕು. 1989ರಲ್ಲಿ, ಹಾಡುಗಳಿಲ್ಲದ ಜನಪ್ರಿಯ ಚಿತ್ರ ಅಪರೂಪವಾಗಿದ್ದ ಕಾಲದಲ್ಲಿ, ಶಂಕರ್ ನಾಗ್, ದೇವರಾಜ್ ಮತ್ತು ವನಿತಾ ವಾಸು ಅವರನ್ನಿಟ್ಟುಕೊಂಡು ಒಂದೂ ಹಾಡಿಲ್ಲದೆ ಅವರು ಆ ಚಿತ್ರ ಮಾಡಿದರು. ನನ್ನ ತಾಯಿ ಅದನ್ನು ಬಿಡುಗಡೆಯಾದಾಗಲೇ ಟೆಂಟಿನಲ್ಲಿ ನೋಡಿದ್ದರಂತೆ. ಮುಂದಿನ ಶನಿವಾರ ರಾತ್ರಿ ನಾವು ನೋಡಲಿರುವುದು ಅದನ್ನೇ, ಮತ್ತು ಈ ಸಲ ಗುಟ್ಟು ಗೊತ್ತಿರುವುದು ಅವರಿಗೆ.