ಮಳೆಗಾಲದ 61 ದಿನಕ್ಕೆ ಯಾವ ಕನ್ನಡ ಬೈಬಲ್ ಒಳ್ಳೆಯದು?

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟು ಕಟ್ಟಿಹಾಕಿದರೂ ಸಾಲದ ಕಂತು ನಿಲ್ಲುವುದಿಲ್ಲ, ಗುಡ್ಡ ಯಾವಾಗ ಜಾರುತ್ತದೋ ಎಂಬ ಹೆದರಿಕೆಯೂ ಬಿಡುವುದಿಲ್ಲ. ದೇವರ ಪ್ರೀತಿ ಕೈಬಿಟ್ಟಿಲ್ಲ ಎಂದು ದಿನಾ ಸಂಜೆ ಮನೆಮಂದಿಗೆಲ್ಲ ಕೇಳುವಂತೆ ಓದಲು ಯಾವ ಪುಸ್ತಕ ಒಳ್ಳೆಯದು? ಈ ಒಂದೇ ಪ್ರಶ್ನೆ ಇಟ್ಟುಕೊಂಡು ಬೈಬಲ್ ಸೊಸೈಟಿ ಆಫ್ ಇಂಡಿಯಾದ ಎರಡು ಕನ್ನಡ ಅನುವಾದಗಳನ್ನು ನೋಡೋಣ: ಹಳೆಯ ‘ಸತ್ಯವೇದವು’, ಮತ್ತು ಸಿ.ಎಲ್. (ಕಾಮನ್ ಲ್ಯಾಂಗ್ವೇಜ್) ಎಂದು ಕರೆಯುವ ಆಡುನುಡಿಗೆ ಹತ್ತಿರದ ಅನುವಾದ.

ಇಡೀ ವಿಷಯ ನಿಂತಿರುವುದು ದೇವರ ಪ್ರೀತಿಗೆ ಬರುವ ಒಂದು ಹೀಬ್ರೂ ಪದದ ಮೇಲೆ, ‘ಹೆಸೆದ್’. ಇದು ಬರೀ ಅಕ್ಕರೆಯಲ್ಲ. ಒಡಂಬಡಿಕೆ ಮಾಡಿಕೊಂಡವನು, ಎದುರಿನವನು ತಪ್ಪಿದರೂ ತನ್ನ ಮಾತಿಗೆ ತಪ್ಪದೆ ನಿಲ್ಲುವ ಪ್ರೀತಿ. ಹಳೆಯ ಅನುವಾದ ಇದನ್ನು ಹೆಚ್ಚಾಗಿ ‘ಕೃಪೆ’ ಎನ್ನುತ್ತದೆ. ಪದ ಚೆನ್ನಾಗಿದೆ, ಆದರೆ ಹೊಸ ಒಡಂಬಡಿಕೆಯಲ್ಲಿ ಬೇರೊಂದು ಗ್ರೀಕ್ ಪದಕ್ಕೂ ಅದೇ ‘ಕೃಪೆ’ ಬರುವುದರಿಂದ, ಓದುವವರು ದೊಡ್ಡವರು ದಯೆತೋರಿ ಕೊಟ್ಟ ದಾನ ಎಂದಷ್ಟೇ ತಿಳಿಯುತ್ತಾರೆ. ಸಿ.ಎಲ್. ಹಲವು ಕಡೆ ‘ಅಚಲ ಪ್ರೀತಿ’ ಎನ್ನುತ್ತದೆ. ಅರ್ಥದ ಮಟ್ಟಿಗೆ ಇದೇ ಮೇಲು. ಕದಲುವುದಿಲ್ಲ ಎಂಬುದು ಪದದಲ್ಲೇ ಇದೆ.

ಆದರೆ ಗಟ್ಟಿಯಾಗಿ ಓದಲು ಕೂತರೆ ಮಾತು ತಿರುಗುತ್ತದೆ. ಸಿ.ಎಲ್. ಗದ್ಯ ಸಲೀಸು, ಮನೆಯಲ್ಲಿ ಕೊಂಕಣಿ ಆಡುವವರಿಗೂ ತೊಡಕಾಗದು. ಬೈಬಲಿನ ಪ್ರಾರ್ಥನೆಯ ಹಾಡುಗಳಾದ ಕೀರ್ತನೆಗಳಿಗೆ ಬಂದರೆ ಅದು ಪದ್ಯದ ನಡಿಗೆ ಹಿಡಿಯುತ್ತದೆ, ‘ನಿನ್ನಚಲ ಪ್ರೀತಿ’ ಎಂಬಂಥ ಸಂಧಿಗಳಲ್ಲಿ ಮಕ್ಕಳ ನಾಲಿಗೆ ಎಡವುತ್ತದೆ. ಹಳೆಯದರಲ್ಲಿ ‘ಇರುವದು’ ಎಂಬ ಹಳೆ ಕಾಗುಣಿತ ಇದ್ದರೂ ಸಾಲು ಉಸಿರಿಗೆ ಸರಿಯಾಗಿ ಮುರಿಯುತ್ತದೆ. ಒಂದೇ ಕೊಳ್ಳುವುದಾದರೆ, ವಯಸ್ಸಾದವರು ಇರುವ ಮನೆಗೆ ಹಳೆಯದು. ಒಬ್ಬರೇ ಮೌನವಾಗಿ ಓದುವವರಿಗೆ ಸಿ.ಎಲ್. ಒಳ್ಳೆಯದು. ಕಥೋಲಿಕರು ಕೊಳ್ಳುವಾಗ 73 ಪುಸ್ತಕಗಳಿರುವ ಮುದ್ರಣವೇ ಎಂದು ಪರಿವಿಡಿಯಲ್ಲಿ ನೋಡಿಕೊಳ್ಳಬೇಕು; ಪ್ರೊಟೆಸ್ಟಂಟರು ಓದುವ 66 ಪುಸ್ತಕದ್ದೂ ಅಂಗಡಿಯಲ್ಲಿ ಅದರ ಪಕ್ಕದಲ್ಲೇ ಇರುತ್ತದೆ.

ಫೋನಿನ ಆ್ಯಪ್ ಸಾಲದೇ ಎನ್ನುವವರಿಗೆ: ಕರೆಂಟು ಹೋಗಿ ಟವರ್ ಸತ್ತ ರಾತ್ರಿ ಮುಂಚೆಯೇ ಇಳಿಸಿಕೊಂಡ ಪಠ್ಯ ಮಾತ್ರ ಸಿಗುತ್ತದೆ, ಅದೂ ಬ್ಯಾಟರಿ ಇರುವ ತನಕ.

ಅಂಥ ರಾತ್ರಿಗೆ 136ನೇ ಕೀರ್ತನೆಯಂಥದ್ದು ಇನ್ನೊಂದಿಲ್ಲ. 26 ವಚನ, ಪ್ರತಿಯೊಂದರ ಕೊನೆಯಲ್ಲೂ ಆತನ ಕೃಪೆ ಶಾಶ್ವತ ಎಂಬ ಅದೇ ಪಲ್ಲವಿ. ಒಬ್ಬರು ಟಾರ್ಚ್ ಹಿಡಿದು ಪ್ರತಿ ವಚನದ ಮೊದಲರ್ಧ ಓದಿದರೆ ಸಾಕು, ಉಳಿದವರು ಕತ್ತಲಲ್ಲೇ ಉತ್ತರ ಹೇಳಬಹುದು. ಪಲ್ಲವಿಯನ್ನು ಅವಸರಿಸಬಾರದು. 26 ಸಲ ಹೇಳುವುದರಲ್ಲೇ ಅದರ ಕೆಲಸ ಇದೆ.

ಈಗ 61 ದಿನದ ಲೆಕ್ಕ. 150 ಕೀರ್ತನೆ, ದಿನಕ್ಕೆ 3 ಎಂದರೆ 50 ದಿನ. ಎಲ್ಲರೂ ಕೈಬಿಡುವುದು 40ನೇ ದಿನ, ಜುಲೈ 10ಕ್ಕೆ: ಅವತ್ತು 119ನೆಯದು ಬರುತ್ತದೆ, 176 ವಚನ. ಅದನ್ನು 118 ಮತ್ತು 120ರ ಜೊತೆ ಮೂರು ದಿನಕ್ಕೆ ಹಂಚಿ. ಎಂಟೆಂಟು ವಚನಗಳ 22 ಭಾಗಗಳಿವೆ, ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಕೀರ್ತನೆಗಳು ಜುಲೈ 22ಕ್ಕೆ ಮುಗಿಯುತ್ತವೆ. ಮುಂದಿನ 5 ದಿನ ‘ಪ್ರಲಾಪಗಳು’ ಎಂಬ ಪುಸ್ತಕದ 5 ಅಧ್ಯಾಯ. ಕೊನೆಯ 4 ದಿನ ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯ, ದಿನಕ್ಕೆ ಹತ್ತು ವಚನದಂತೆ.

ಹೀಗೆ ಓದಿದರೆ ಜುಲೈ 6ಕ್ಕೆ 107ನೇ ಕೀರ್ತನೆ ಸಿಗುತ್ತದೆ. 23ರಿಂದ 32ನೇ ವಚನ ಕಡಲಿಗೆ ಹೋದವರದು: ಅಲೆ ಮೇಲೆತ್ತಿ ಕೆಳಗೆ ಕೆಡವುತ್ತದೆ, ಕುಡಿದವರಂತೆ ತೂರಾಡುತ್ತಾರೆ, ಕೂಗುತ್ತಾರೆ, ಬಂದರು ಸೇರುತ್ತಾರೆ. ಜುಲೈ 16ಕ್ಕೆ 130ನೆಯದು, ಆಳದಿಂದ ಕೂಗುವ ಕೀರ್ತನೆ. 2024ರ ಜುಲೈ 16ರಂದೇ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿ ನದಿಗೆ ಇಳಿದದ್ದು. ಆ ಸಂಜೆ ಇದರ ಜೊತೆಗೆ ಯೆಶಾಯ 54:10 ಓದಿ. ಬೆಟ್ಟ ಕದಲಲಿ, ಗುಡ್ಡ ಸರಿಯಲಿ, ನನ್ನ ಪ್ರೀತಿ ನಿನ್ನನ್ನು ಬಿಡದು ಎನ್ನುವ ಆ ವಚನ ಗುಡ್ಡ ಸರಿಯುವುದಿಲ್ಲ ಎಂದು ಎಲ್ಲೂ ಹೇಳುವುದಿಲ್ಲ. ಸರಿದ ಮೇಲೂ ಉಳಿಯುವುದು ಯಾವುದು ಎಂದು ಹೇಳುತ್ತದೆ. ಮನೆಯವರನ್ನು ಕಳೆದುಕೊಂಡವರ ಮುಂದೆ ಇದನ್ನು ಬೇರೆ ರೀತಿ ಓದುವುದು ಕ್ರೌರ್ಯ.

ತಪ್ಪಾಗುವುದೂ ಇಲ್ಲೇ. ನಿಮಗೆ ಒಳ್ಳೆಯ ಭವಿಷ್ಯ ಕೊಡುವೆನು ಎನ್ನುವ, ಕ್ಯಾಲೆಂಡರಿನ ಮೇಲೆ ಅಚ್ಚಾಗುವ ಯೆರೆಮೀಯ 29:11 ಒಂದನ್ನೇ ಓದಿ, ನಾಳೆಯೇ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳುತ್ತಾರೆ. ಅದರ ಹಿಂದಿನ ವಚನದಲ್ಲೇ 70 ವರ್ಷ ಎಂದಿದೆ. ಅದು ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆಹೋದವರಿಗೆ ಬರೆದ ಪತ್ರ. ಪ್ರಲಾಪಗಳ 3:22–23 ಕೂಡ ಹಾಗೆಯೇ. ಆತನ ಕರುಣೆ ದಿನದಿನಕ್ಕೂ ಹೊಸದು ಎಂಬ ಮಾತು ಬರುವುದು ಹಾಳಾದ ಊರಿನ ಅಳುವಿನ ನಟ್ಟನಡುವೆ, ಅದರ ಹಿಂದೆ ಎರಡು ಅಧ್ಯಾಯ, ಮುಂದೆ ಎರಡು. ಅತ್ತಿತ್ತಲ ಅಳು ಬಿಟ್ಟು ಅದೊಂದನ್ನೇ ಓದಿದರೆ ಕಷ್ಟದ ದಿನ ಅದು ಹಿಡಿದು ನಿಲ್ಲಿಸುವುದಿಲ್ಲ. ಪ್ರಾರ್ಥನೆಯೇ ಬಾಯಿಗೆ ಬಾರದವರಿಗೆ 88ನೇ ಕೀರ್ತನೆ ಇದೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಬೈಬಲ್ ತನ್ನೊಳಗೆ ಇಟ್ಟುಕೊಂಡಿದೆ.

ಪುಸ್ತಕದ ಮೈ ಬಗ್ಗೆ. ಬೈಬಲ್ ಕಾಗದ ತೆಳು, ಕರಾವಳಿಯ ತೇವ ಎಳೆದುಕೊಂಡು ಅಲೆಅಲೆಯಾಗುತ್ತದೆ. ಬಿಸಿಲಿಗೆ ಇಟ್ಟರೆ ಬೆನ್ನಿನ ಗೋಂದು ಸಿಡಿಯುತ್ತದೆ. ಇಪ್ಪತ್ತು ಮೂವತ್ತು ಹಾಳೆಗೊಂದು ಬಿಳಿ ಕಾಗದ ಇಟ್ಟು ಫ್ಯಾನಿನ ಕೆಳಗೆ ಒಣಗಿಸಿ, ಆಮೇಲೆ ಭಾರ ಹೇರಿ. ದಿನಪತ್ರಿಕೆಯ ಹಾಳೆ ಬೇಡ, ಮಸಿ ಅಂಟುತ್ತದೆ. ಜಿಪ್ ಕವರ್ ಧೂಳಿಗೆ ಒಳ್ಳೆಯದು, ಆದರೆ ಒದ್ದೆ ಪುಸ್ತಕ ಒಳಗಿಟ್ಟರೆ ವಾರದಲ್ಲಿ ಬೂಸ್ಟು. ಉಪ್ಪುಗಾಳಿಗೆ ಜಿಪ್ಪಿನ ಹಲ್ಲು ಕಚ್ಚಿಕೊಂಡರೆ ಮೇಣದಬತ್ತಿ ತಿಕ್ಕಿ. ಗೋಡೆಗೆ ತಾಗುವಂತೆ ಇಡಬೇಡಿ. ಗುರುತು ಹಾಕಲು ಬಣ್ಣದ ಪೆನ್ಸಿಲ್. ಜೆಲ್ ಪೆನ್ನು ಹಿಂದಿನ ಪುಟಕ್ಕೆ ಇಳಿಯುತ್ತದೆ.

ಅಂಗಡಿಯಲ್ಲಿ ಕೊಳ್ಳುವ ಮುಂಚೆ 107ನೇ ಕೀರ್ತನೆ ತೆರೆದು, ಕೈ ಚಾಚಿ ಹಿಡಿದು, ಒಂದು ವಚನ ಗಟ್ಟಿಯಾಗಿ ಓದಿ ನೋಡಿ. ಹಗಲಲ್ಲೇ ತಡವರಿಸಿದರೆ ದೊಡ್ಡ ಅಕ್ಷರದ ಪ್ರತಿ ಕೇಳಿ. ಟಾರ್ಚಿನ ಬೆಳಕಿಗೆ ಅದು ಬೇಕಾಗುತ್ತದೆ.