ನರರೋಗ ತಜ್ಞರಿಗಾಗಿ ಮಡಿಕೇರಿಯಿಂದ ಎಲ್ಲಿಗೆ: ಮೈಸೂರೋ, ಮಂಗಳೂರೋ, ನಿಮ್ಹಾನ್ಸೋ?

ಮೊದಲೇ ಹೇಳಿಬಿಡ್ತೀನಿ, ನನ್ನ ವೋಟು ಮೈಸೂರಿಗೆ. ಅವ್ವನ ಬಲಗೈ ಸುಮ್ಮನೆ ಮಡಿಲಲ್ಲಿ ಇಟ್ಟುಕೊಂಡಾಗಲೂ ನಡುಗೋಕೆ ಶುರುವಾದ ಮೇಲೆ ಮೂರೂ ಕಡೆ ಅಲೆದಿದ್ದೇವೆ. ಪಾರ್ಕಿನ್ಸನ್ ಅಂತ ಮೂರೂ ಕಡೆಯವರು ಹೇಳಿದರು, ಮಾತ್ರೆಯೂ ಅದೇ ಲೆವೊಡೋಪಾ. ಹಾಗಾಗಿ ಡಾಕ್ಟರುಗಳನ್ನು ತೂಗೋಕೆ ಹೋಗಲ್ಲ. ಉಳಿದದ್ದರಲ್ಲೇ ವ್ಯತ್ಯಾಸ ಇರೋದು.

ಮೊದಲು ಹೋಗಿದ್ದು ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ, ಅಲ್ಲಿ ಅಕ್ಕನ ಮನೆ ಇದೆ ಅಂತ. ಎಂ.ಆರ್.ಐ. ಅವತ್ತೇ ಆಯಿತು. ಆದರೆ ಕೈಗೆ ಕೊಟ್ಟಿದ್ದು ಫಿಲ್ಮು ಮತ್ತು ಒಂದು ಹಾಳೆ ರಿಪೋರ್ಟು. ಆಮೇಲೆ ಬೆಂಗಳೂರಲ್ಲಿ ಕೇಳಿದ್ದು ಸಿ.ಡಿ. ಫಿಲ್ಮಿನಲ್ಲಿ ಆಯ್ದ ಚಿತ್ರಗಳಷ್ಟೇ ಇರ್ತವೆ, ಪೂರ್ತಿ ಸ್ಕ್ಯಾನ್ ಇರೋದು ಸಿ.ಡಿ.ಯಲ್ಲಿ.

ಫೋನ್ ಮಾಡಿದರೆ ರಿಸೆಪ್ಷನ್‌ನವರು ರೇಡಿಯಾಲಜಿಗೆ ಕೊಟ್ಟರು, ಅವರು ರೆಕಾರ್ಡ್ ರೂಮಿಗೆ, ರೆಕಾರ್ಡ್ ರೂಮಿನವರು ತಿರುಗಿ ರಿಸೆಪ್ಷನ್‌ಗೆ. ಕೊರಿಯರ್ ಮಾಡಲ್ಲವಂತೆ, ಖುದ್ದು ಬರಬೇಕಂತೆ. ಅಕ್ಕನನ್ನು ಕಳಿಸಿದರೆ ಆಧಾರ್ ಪ್ರತಿ ಬೇಕು, ರೋಗಿ ಸಹಿ ಮಾಡಿದ ಪತ್ರ ಬೇಕು ಅಂದರು. ಅದನ್ನೂ ಬರೆಸಿ ಕಳಿಸಿದೆವು. ಆಧಾರ್ ಪ್ರತಿಯ ಮೇಲಿದ್ದ ಅವ್ವನ ಹಳೇ ಸಹಿಗೂ ಪತ್ರದ ಸಹಿಗೂ ತಾಳೆ ಆಗ್ತಿಲ್ಲ ಅಂತ ಕೌಂಟರಿನವನ ತಕರಾರು! ಅಕ್ಷರ ಬರ್ತಾ ಬರ್ತಾ ಸಣ್ಣದಾಗೋದು, ಇರುವೆ ಸಾಲಿನ ಹಾಗೆ ಕುಗ್ಗೋದು ಈ ಕಾಯಿಲೆಯದ್ದೇ ಲಕ್ಷಣ. ಮಹಡಿ ಮೇಲೆ ಡಾಕ್ಟರು ಅದನ್ನೇ ನೋಡೋಕೆ ಬರೆಸಿದ್ದರು, ಕೆಳಗೆ ಅದೇ ತಪ್ಪಾಯಿತು.

ಕೊನೆಗೆ ಅವ್ವನನ್ನೇ ಕೂರಿಸಿಕೊಂಡು ಸಂಪಾಜೆ ಘಾಟಿ ಇಳಿದೆ. ಜೋರು ಮಳೆ. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಜರಿದದ್ದನ್ನು ಕಂಡವರಿಗೆ ಮಳೆಗಾಲದಲ್ಲಿ ಆ ರಸ್ತೆ ಅಂದರೇ ಎದೆ ಧಸಕ್ ಅನ್ನುತ್ತೆ. ಮಾತ್ರೆ ಶುರು ಮಾಡಿದ ಹೊಸತು, ಮೊದಲೇ ಓಕರಿಕೆ, ಅದರ ಮೇಲೆ ಆ ತಿರುವುಗಳು.

ನಿಮ್ಹಾನ್ಸ್‌ನಲ್ಲಿ ಪರೀಕ್ಷೆ ಮಾಡಿದ ರೀತಿ ಇಷ್ಟವಾಯಿತು. ಹೆಬ್ಬೆರಳು ತೋರುಬೆರಳು ತಟ್ಟಿಸಿದರು, ಕಾರಿಡಾರಿನಲ್ಲಿ ನಡೆಸಿದರು, ಹಿಂದೆ ನಿಂತು ಭುಜ ಹಿಡಿದು ಎಳೆದು ಸಮತೋಲ ನೋಡಿದರು. ಮುಂದೆಂದಾದರೂ ಮಿದುಳಿಗೆ ಎಲೆಕ್ಟ್ರೋಡ್ ಇಡುವ ಡಿ.ಬಿ.ಎಸ್. ಮಾತು ಬಂದರೆ ಅಲ್ಲಿಗೇ ಹೋಗೋದು. ಆದರೆ ಮಡಿಕೇರಿಯಿಂದ ಇನ್ನೂರೈವತ್ತು ಕಿಲೋಮೀಟರ್‌ಗೂ ಜಾಸ್ತಿ, ರೈಲಂತೂ ನಮ್ಮ ಜಿಲ್ಲೆಗೇ ಇಲ್ಲ. ಚಿಕಿತ್ಸೆಗಿಂತ ಲಾಡ್ಜು, ಟ್ಯಾಕ್ಸಿಗೇ ಜಾಸ್ತಿ ದುಡ್ಡು ಹೋಯಿತು.

ಮೈಸೂರು? ಕುಶಾಲನಗರ ದಾಟಿದರೆ ರಸ್ತೆ ನೇರ. ಬೆಳಿಗ್ಗೆ ಹೊರಟು ಸಂಜೆ ದನ ಕಟ್ಟೋ ಹೊತ್ತಿಗೆ ಮನೆ. ಊಟಕ್ಕೂ ಮಾತ್ರೆಗೂ ಇರೋ ಜಗಳ ಬಿಡಿಸಿ ಹೇಳಿದ್ದು ಅಲ್ಲಿನ ಡಾಕ್ಟರೇ. ಪ್ರೋಟೀನ್ ಜಾಸ್ತಿ ಇರೋ ಊಟದ ಜೊತೆ ಲೆವೊಡೋಪಾ ಸರಿಯಾಗಿ ಹಿಡಿಯಲ್ಲ, ಅರ್ಧ ಗಂಟೆ ಮೊದಲೇ ನುಂಗಬೇಕು. ಅವ್ವನಿಗೆ ಈಗ ಪಂದಿಕರಿ ರಾತ್ರಿಗೆ ಮಾತ್ರ. ಮುನಿಸು ಇದ್ದೇ ಇದೆ, ಆದರೆ ಮಧ್ಯಾಹ್ನ ತಾನೇ ಎದ್ದು ಅಂಗಳಕ್ಕೆ ಬರ್ತಾಳೆ.

ಆಯುಷ್ಮಾನ್ ಕಾರ್ಡು ಇಂಥ ಹೊರರೋಗಿ ತಪಾಸಣೆಗೆ ಉಪಯೋಗವಿಲ್ಲ.

ಪಾರ್ಶ್ವವಾಯು ಆದರೆ ಈ ಲೆಕ್ಕಾಚಾರ ಯಾವುದೂ ಬೇಡ. ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯ ಗಡುವು. ಸಿ.ಟಿ. ಸ್ಕ್ಯಾನ್ ಇರೋ ಹತ್ತಿರದ ಆಸ್ಪತ್ರೆಗೆ ಓಡಿ.

ಸಂಪಾಜೆ, ಪೆರಾಜೆ ಕಡೆಯವರಿಗೆ ಮಂಗಳೂರೇ ಹತ್ತಿರ, ಅವರು ಅಲ್ಲಿಗೇ ಹೋಗಲಿ. ಸಿ.ಡಿ. ಮಾತ್ರ ಅವತ್ತೇ ಇಸಿದುಕೊಳ್ಳಿ.